ನಂದೂರಿನಿಂದ ತಂದ ತವಾ

ಕಮಲಾಪುರದಲ್ಲಿ ನಾನೂ ನನ್ನ ಗೆಳತಿಯೂ ಸೇರಿ ದೋಸೆ ಹೋಟೆಲ್ ತೆರೆಯುವ ಮುಂಚೆ, ತವಾ ಆರಿಸಲು ನಂದೂರಿನ ಕಬ್ಬಿಣದ ವರ್ಕ್‌ಶಾಪಿಗೆ ಹೋಗಿದ್ದೆವು. ಅಲ್ಲಿಯವರು ಮೊದಲು ಥಳಥಳಿಸುವ ತೆಳುವಾದದ್ದನ್ನು ತೋರಿಸಿದರು. ಗೆಳತಿ ಅದರ ಅಂಚು ಮುಟ್ಟಿ ನೋಡಿ, "ಬ್ಯಾಡ್ರೀ. ಇದು ಲಗೂ ಕಾಯ್ತದ, ಲಗೂ ಬಾಗ್ತದ. ದಪ್ಪಂದು ತೋರಸ್ರಿ," ಎಂದಳು. ಕೊನೆಗೆ ಎತ್ತಲು ಆಳುಗಳೇ ಬೇಕಾಗುವಂಥ ಕಬ್ಬಿಣದ ತವಾ ಒಪ್ಪಿಗೆಯಾಯಿತು. ಕತ್ತರಿಸುವಾಗ ಒಂದು ಮೂಲೆಗೆ ಕಚ್ಚು ಬಿದ್ದಿತ್ತು. ಇರಲಿ ಎಂದು ತಂದೆವು.

ಹೊಸ ತವಾ ಪಳಗಿಸುವುದು ಸುಲಭವಲ್ಲ. ಎಣ್ಣೆ ಸವರಿ, ಕಾಯಿಸಿ, ಉಳ್ಳಾಗಡ್ಡಿ ಉಜ್ಜಿ, ಮತ್ತೆ ಎಣ್ಣೆ. ಮೊದಮೊದಲು ಹರಿದ ದೋಸೆಗಳನ್ನು ನಾವಿಬ್ಬರೇ ಹಿಂದೆ ಕುಳಿತು ನಗುತ್ತ ತಿಂದೆವು. ಹೋಟೆಲ್ ಮುಚ್ಚುವಾಗ, ಬಿಸಿ ಇರುವಾಗಲೇ ಕೆರೆದು ಎಣ್ಣೆಬಟ್ಟೆ ಎಳೆಯುವ ಕೆಲಸ ನನ್ನದು. ಸೋಪು ಮುಟ್ಟಿಸುತ್ತಿರಲಿಲ್ಲ. ಬರಬರುತ್ತ ಅದು ಕಪ್ಪಗೆ ಹೊಳೆಯತೊಡಗಿತು.

ಆಮೇಲೆ ಅವ್ವನ ಕಾಲಿನ ಆಪರೇಷನ್‌ಗೆಂದು ನಾನು ಕಲಬುರಗಿಯಲ್ಲಿ ಉಳಿಯಬೇಕಾಯಿತು. ಮರಳಿ ಬಂದರೆ ಒಲೆಯ ಮೇಲೆ ಬೇರೆ ತವಾ, ತೆಳುವಾದದ್ದು. ದೋಸೆ ಹುಯ್ದರೆ ನಡುವೆ ಕರಕಲು, ಅಂಚಿಗೆ ಹಸಿ.

"ನಮ್ಮ ತವಾ ಎಲ್ಲಿ?"

"ಸೀಳು ಬಿಟ್ಟಿತ್ತು. ಗುಜರಿಗೆ ಹಾಕೀನಿ," ಎಂದಳು ಗೆಳತಿ, ಒಗ್ಗರಣೆಯಿಂದ ಕಣ್ಣೆತ್ತದೆ.

ನಂಬಿದೆ. ಊರಿಗೆ ಹೋಗುವ ಮುಂಚೆ ಕಾದ ತವಾದ ಮೇಲೆ ನಾನೇ ತಣ್ಣೀರು ಸುರಿದು ಸೀಳು ಬಿಡಿಸಿರಬೇಕು ಎಂದು ಅವಳ ಎದುರಿಗೇ ಎಷ್ಟೋ ಸಲ ನನ್ನನ್ನು ಬೈದುಕೊಂಡೆ.

ಅವ್ವನನ್ನು ಡಾಕ್ಟರಿಗೆ ತೋರಿಸಲು ಮತ್ತೆ ಕಲಬುರಗಿಗೆ ಹೋದ ದಿನ, ನೆಹರು ಗಂಜ್ ಹತ್ತಿರ ಹೊಸದೊಂದು ದೋಸೆ ಹೋಟೆಲ್‌ಗೆ ಹೊಕ್ಕೆವು. ಒಲೆಯ ಮುಂದೆ ಗೆಳತಿಯ ಗಂಡ ನಿಂತಿದ್ದ; ಅವನು ಹೋಟೆಲ್ ಹಾಕಿದ್ದು ನನಗೆ ಗೊತ್ತೇ ಇರಲಿಲ್ಲ. ತವಾದ ಮೂಲೆಯಲ್ಲಿ ಅದೇ ಕಚ್ಚು.

"ಬರ್ರಿ ಅಕ್ಕಾರ, ಕೂಡ್ರಿ," ಎಂದವನ ಮುಖ ಬಿಳಿಚಿತ್ತು.

"ದೋಸಿ ಭಾಳ ಛಂದ ಎದ್ದಾವ," ಎನ್ನುತ್ತ ಅವ್ವ ತಿಂದಳು. ನಾನು ನನ್ನ ತಟ್ಟೆಯನ್ನೂ ಅವಳತ್ತ ಸರಿಸಿದೆ.

ಸಂಜೆ ಕಮಲಾಪುರಕ್ಕೆ ಬಂದವಳೇ ಗೆಳತಿಯನ್ನು ಕೇಳಿದೆ. "ಸೀಳಿತ್ತು ಅಂದಿದ್ದಿ?"

ಅವಳು ಹಿಟ್ಟಿನ ಪಾತ್ರೆ ಕೆಳಗಿಟ್ಟಳು. "ನಮ್ಮ ಮನಿಯವರಿಗೆ ಪಳಗಿಸ್ಲಾಕ ಬರಂಗಿಲ್ಲ. ಹೊಸಾ ಹೋಟೆಲ್, ಮೊದಲ್ನೇ ದಿನಾನೇ ದೋಸಿ ಹರದ್ರ ಗಿರಾಕಿ ನಿಲ್ತಾರೇನು? ನೀ ಹ್ಯಾಂಗೂ ಇನ್ನೊಂದು ಪಳಗಸ್ತಿ."

"ಕೇಳಿದ್ರ ಕೊಡ್ತಿದ್ದೆ."

"ಕೊಡ್ತಿದ್ದಿಲ್ಲ."

ಅದು ನಿಜವಿರಲೂಬಹುದು. ಆದರೆ ನಾನು ನನ್ನನ್ನೇ ಬೈದುಕೊಳ್ಳುವಾಗೆಲ್ಲ ಅವಳು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದಳು. ಒಂದು ಸಲವೂ ಬಾಯಿ ಬಿಡಲಿಲ್ಲ. ಅದನ್ನು ನುಂಗಿಕೊಳ್ಳಲು ನನ್ನಿಂದ ಆಗಲಿಲ್ಲ. ಪಾಲುದಾರಿಕೆ ಬಿಟ್ಟೆ.

ಈಗ ಕಮಲಾಪುರದಲ್ಲೇ ನನ್ನದೇ ಸಣ್ಣ ಹೋಟೆಲ್ ಇದೆ. ಹೋದ ವರ್ಷ ಒಂದು ಬೆಳಿಗ್ಗೆ ಅವಳು ಬಂದು ಕುಳಿತಳು. ದೋಸೆ ಹಾಕಿಕೊಟ್ಟೆ. "ಆರಾಮ ಇದ್ದೀಯೇನು?" ಎಂದು ಕೇಳಿದಳು. "ಇದ್ದೀನ್ರೀ," ಎಂದೆ. ಅಲ್ಲಿಯವರೆಗೆ ಅವಳಿಗೆ ನಾನು ಎಂದೂ "ರೀ" ಹಚ್ಚಿದವಳಲ್ಲ.