ಕೇಳಿಸದ ಮಾತಿನ ಕ್ಯಾಸೆಟ್

ಕಾಕಾರ ತಲೆಯ ಮೇಲೆ ಈ ಕಿವಿಯಿಂದ ಆ ಕಿವಿಯವರೆಗೆ ಬೆರಳಗಲದ ಒಂದು ಗೆರೆ ಇತ್ತು. ಅದರಲ್ಲಿ ಒಂದೂ ಕೂದಲಿಲ್ಲ. ನೊಗ ಹೊತ್ತು ಎತ್ತಿನ ಹೆಗಲು ಬೋಳಾಗುತ್ತದಲ್ಲ, ಹಾಗೆ ಹೆಡ್‌ಫೋನಿನ ಪಟ್ಟಿ ವರ್ಷಗಟ್ಟಲೆ ಉಜ್ಜಿ ಉಜ್ಜಿ ಮಾಡಿದ ಗೆರೆ ಅದು. ಕ್ಷೌರ ಮಾಡುವವನು "ಏನ್ರೀ ಯಜಮಾನ್ರ, ಬೈತಲಿ ಅಡ್ಡ ತಗದೀರಲ್ಲ" ಎಂದು ನಗುತ್ತಿದ್ದನಂತೆ. ಕಾಕಾ ಅದನ್ನು ತಾವೇ ಹೇಳಿಕೊಂಡು ನಮಗಿಂತ ಜಾಸ್ತಿ ನಗುತ್ತಿದ್ದರು.

ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ರಕ್ತಸಂಬಂಧವೇನಿಲ್ಲ, ಓಣಿಗೆಲ್ಲ ಅವರು ಕಾಕಾ. ಹೆಂಡತಿ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮುಂದಿನ ಕೋಣೆಯಲ್ಲೇ ಕ್ಯಾಸೆಟ್ ಅಂಗಡಿ. ಎಂಬತ್ತರ ದಶಕದ ಕೊನೆಯ ಮಾತು, ಕಲಬುರಗಿಗೆಲ್ಲ ಟೇಪ್‌ರೆಕಾರ್ಡರಿನ ಹುಚ್ಚು. ಜನ ಚೀಟಿಯಲ್ಲಿ ಹಾಡುಗಳನ್ನು ಬರೆದು ತರುವುದು, ಇವರು ಖಾಲಿ ಕ್ಯಾಸೆಟ್ಟಿಗೆ ತುಂಬಿಕೊಡುವುದು. ಭಜನೆಯವರನ್ನು ಕೂರಿಸಿ ರೆಕಾರ್ಡ್ ಮಾಡುವುದೂ ಇತ್ತು. ಹೊರಗಿನ ಸದ್ದು ಒಳಗೆ ಬರಬಾರದೆಂದು ನಾಲ್ಕೂ ಗೋಡೆಗೆ ಹಳೆಯ ಕೌದಿ ಹೊಡೆದಿದ್ದರು. ನಮ್ಮ ಊರಿನ ಬೇಸಿಗೆಯಲ್ಲಿ ಆ ಕೋಣೆಯೊಳಗೆ ಕೂತರೆ ಜೀವ ಬೆಂದುಹೋಗುತ್ತಿತ್ತು. "ಫ್ಯಾನರೆ ಹಚ್ಚರಿ ಕಾಕಾ" ಎಂದರೆ, "ಫ್ಯಾನಿನ ಸದ್ದು ಬೀಳ್ತದ. ಬೆವರು ಸದ್ದು ಮಾಡಂಗಿಲ್ಲ, ಸುರೀಲಿ ಬಿಡು" ಅನ್ನುವರು.

ಅವರು ದನಿ ಎತ್ತಿದ್ದನ್ನು ನಾನು ಕಂಡಿಲ್ಲ. ನಾನೋ ಶಾಲೆಯಲ್ಲಿ ಕನ್ನಡ ಕಲಿಸುವವಳು, ಅರವತ್ತು ಹುಡುಗರ ಗದ್ದಲದ ಮೇಲೆ ಒದರಿ ಒದರಿ ಗಂಟಲು ದೊಡ್ಡದಾಗಿತ್ತು. "ಅವ್ವಾ, ಜೋರಾಗಿ ಹೇಳಿದ್ದು ಈ ಕಿವ್ಯಾಗ ಹೊಕ್ಕು ಆ ಕಿವ್ಯಾಗ ಹೊಂಡತದ. ಮೆಲ್ಲಕ ಹೇಳಿದ್ದು ಕರಳಿಗೆ ಮುಟ್ತದ ನೋಡು" ಎಂದು ನನಗೆ ಬುದ್ಧಿ ಹೇಳುವರು. ಆ ಮಾತನ್ನು ಅವರು ಖರೆ ಅಂತಲೇ ನಂಬಿದ್ದರು. ಅದೇ ಮುಂದೆ ಮುಳುವಾಯಿತು.

ಒಮ್ಮೆ ಯಾರೋ ಹೈದರಾಬಾದಿನಿಂದ ಒಂದು ಹಳೆಯ ಇಂಗ್ಲಿಷ್ ಮಾಸಪತ್ರಿಕೆ ತಂದುಕೊಟ್ಟರು. ಕಾಕಾರಿಗೆ ಇಂಗ್ಲಿಷ್ ಬಾರದು, ನನಗೆ ಅರ್ಧಮರ್ಧ. ಓದಿ ಹೇಳು ಎಂದರು. ಹಾಡಿನ ಅಡಿಯಲ್ಲಿ ಕಿವಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಮಾತು ಸೇರಿಸಿದ ಕ್ಯಾಸೆಟ್‌ಗಳನ್ನು ಹೊರದೇಶದಲ್ಲಿ ಮಾರುತ್ತಾರೆ, ಕಿವಿಗೆ ತಿಳಿಯದಿದ್ದರೂ ಮನಸ್ಸು ಅದನ್ನು ಹಿಡಿದುಕೊಳ್ಳುತ್ತದೆ, ಕುಡಿತ ಬಿಡುತ್ತದೆ, ಅಂಜಿಕೆ ಹೋಗುತ್ತದೆ ಎಂದೆಲ್ಲ ಬರೆದಿತ್ತು. ಕೊನೆಯ ಪ್ಯಾರಾದಲ್ಲಿ, ಇದಕ್ಕೆ ಗಟ್ಟಿ ಆಧಾರವಿಲ್ಲ, ತಿಳಿದವರು ಒಪ್ಪುವುದಿಲ್ಲ ಎಂದೂ ಇತ್ತು. ಅದನ್ನು ನಾನು ಓದಿ ಹೇಳಲಿಲ್ಲ. ರೊಟ್ಟಿ ಬಡಿಯುವ ಹೊತ್ತಾಗಿತ್ತು, ಎದ್ದು ಬಂದುಬಿಟ್ಟೆ. ಆ ಒಂದು ಪ್ಯಾರಾ ಓದಿದ್ದರೆ ಏನಾಗುತ್ತಿತ್ತೋ ಎಂದು ಈಗಲೂ ಅನ್ನಿಸುತ್ತದೆ.

ಕಾಕಾ ಮರುದಿನವೇ ಆ ಕೆಲಸ ಹಿಡಿದುಕೊಂಡರು. ಆಗ ನಮ್ಮ ಅಣ್ಣ ವಿಪರೀತ ಕುಡಿಯುತ್ತಿದ್ದ. ನಮ್ಮ ಕಡೆ ಕುಡುಕರನ್ನು ಗುಡಿಗೆ ಕರೆದೊಯ್ದು ವಿಭೂತಿ ಮುಟ್ಟಿಸಿ ಆಣೆ ಮಾಡಿಸುತ್ತಾರೆ. ಅಣ್ಣ ನಾಲ್ಕು ಸಲ ಆಣೆ ಮಾಡಿ ನಾಲ್ಕು ಸಲವೂ ಮುರಿದಿದ್ದ. ಕಾಕಾ ಹೇಳಿದರು, "ಆಣಿ ಮಾಡೀನಿ ಅಂತ ಗೊತ್ತಿರ್ತದ, ಅದಕ್ಕ ಮುರೀತಾನ. ಗೊತ್ತೇ ಇಲ್ಲದ್ದನ್ನ ಹ್ಯಾಂಗ ಮುರೀತಾನ, ಹೇಳು ನೋಡೂಣು?"

ಮಾತು ಆಡಲು ನನ್ನನ್ನೇ ಕೂರಿಸಿದರು. "ನೀ ಬಾಯಿ ಮಾಡಿದ್ರ ಕೋಟಿ ಗ್ವಾಡಿ ತನಕ ಕೇಳ್ತದ. ಆದ್ರ ಮೆಲ್ಲಕ ಮಾತಾಡಿದ್ರ ಈದ ಎಮ್ಮಿ ಸೈತ ಒದಿಯಂಗಿಲ್ಲ" ಎಂದರು. ಇದು ಹೊಗಳಿಕೆಯೋ ಬೈಗುಳವೋ ದೇವರೇ ಬಲ್ಲ. "ಬ್ಯಾಡ ಅನಸ್ತದ. ಬಾಯಿಗೆ ಕಹಿ ಆಗ್ತದ. ಮನಿ ನೆನಪಾಗ್ತದ" ಎಂದು ನಾನು ಅರ್ಧ ತಾಸು ಪಿಸುಗುಟ್ಟಿದೆ. ಅದರ ಮೇಲೆ ಭಜನೆಯವನೊಬ್ಬನ ಕೊಳಲು ಕೂರಿಸಿದರು. ತಮ್ಮ ಕಿವಿಗೇ ನನ್ನ ದನಿ ಕೇಳಿಸದಾಗುವವರೆಗೆ ಇಳಿಸಿ, ಆಮೇಲೆ ಇನ್ನೂ ಚೂರು ಇಳಿಸುವುದು ಅವರ ಲೆಕ್ಕ. ಮೂಲ ಕ್ಯಾಸೆಟ್ ತಮ್ಮಲ್ಲಿಟ್ಟುಕೊಂಡು ನಕಲು ಮಾಡಿ ಕೊಡುವರು. ಕೇಳುವವರಿಗೆ ಮಾತ್ರ ಗುಟ್ಟು ಗೊತ್ತಾಗಕೂಡದು. ಅಣ್ಣನ ಹೆಂಡತಿ, ನಮ್ಮ ವೈನಿ, ಅದನ್ನು ಒಯ್ದು, ಕೊಳಲಿನ ಕ್ಯಾಸೆಟ್ ಅಂತ ಹೇಳಿ ದಿನಾ ಸಂಜೆ ಹಚ್ಚಿದಳು. ಮೂರು ತಿಂಗಳಿಗೆ ಅಣ್ಣ ಕುಡಿತ ಬಿಟ್ಟ. ಬಿಟ್ಟವನು ಮತ್ತೆ ಮುಟ್ಟಲಿಲ್ಲ.

ಸುದ್ದಿಗೆ ಕಾಲು ಬೇಕೇ? ಪರೀಕ್ಷೆಗೆ ಅಂಜುವ ಮಕ್ಕಳ ತಾಯಂದಿರು, ಸಿಟ್ಟಿನ ಗಂಡಂದಿರ ಹೆಂಡಂದಿರು, ಎಲ್ಲರೂ ಬಂದರು. ಕಾಕಾ ಒಬ್ಬೊಬ್ಬರ ಕಥೆಯನ್ನೂ ತಾಸುಗಟ್ಟಲೆ ಕೇಳಿ, ಅವರವರ ಮನೆಯ ಮಾತಿನಲ್ಲೇ ನನಗೆ ಬರೆಸುವರು. ಗುಣವಾಯಿತು ಎಂದು ಯಾರಾದರೂ ಬಂದು ಹೇಳಿದರೆ ಆ ದಿನ ಅವರಿಗೆ ಊಟವೇ ಬೇಡ. ನನಗೂ ಒಳಗೊಳಗೆ ಸೊಕ್ಕು ಬಂದಿತ್ತು, ಸುಳ್ಳೇಕೆ ಹೇಳಲಿ.

ಕಮಲಾಪುರದ ಆ ಹೆಂಗಸು ಬಂದದ್ದು ಯುಗಾದಿ ಮುಗಿದ ಮೇಲೆ. ಅವರ ತೋಟದ್ದೇ ಕೆಂಪು ಬಾಳೆಹಣ್ಣಿನ ಒಂದು ಚಿಪ್ಪು ತಂದಿದ್ದಳು. ಸೊಸೆ ಬಾಯಾಳಿ ಎಂಬುದು ಅವಳ ದೂರು. "ಒಂದಂದ್ರ ಎರಡಂತಾಳರಿ. ಗಂಡ ಒಂದೇಟು ಹಾಕಿದ್ರ ಸಾಕು, ಬಸ್ ಹತ್ತಿ ತವರಿಗೆ ಓಡ್ತಾಳ. ಊರಾಗ ಮಾನ ಇಲ್ಲದಂಗ ಆಗ್ಯಾದ. ಆಕಿ ಮನಸ್ಸು ಮನ್ಯಾಗ ನಿಲ್ಲಂಗ ಮಾಡಿ ಕೊಡ್ರಿ, ನಿಮಗ ಪುಣ್ಯ ಬರ್ತದ."

ಒಂದೇಟು ಎಂದಳಲ್ಲ, ಆ ಮಾತು ನನ್ನ ಕಿವಿಗೆ ಬಿತ್ತು, ಕಾಕಾರ ಕಿವಿಗೂ ಬಿತ್ತು. ನಮ್ಮಿಬ್ಬರಲ್ಲಿ ಒಬ್ಬರೂ ಅದೇನು ಎಂದು ಕೇಳಲಿಲ್ಲ. ಒಂದು ಸಂಸಾರ ಉಳಿಯುತ್ತದೆ ಎಂದಷ್ಟೇ ಕಾಕಾ ಎಣಿಸಿದರು. ನಾನು? ನಾನು ಹೆಣ್ಣು, ಗಂಡನ ಮನೆಯಲ್ಲಿ ಬಾಳುವೆ ಮಾಡಿದವಳು, ಒಂದು ಹೆಣ್ಣುಮಗುವಿನ ತಾಯಿ. ನನಗೆ ತಿಳಿಯಬೇಕಿತ್ತು. ಹಾಳಾದವಳು, ಕೌದಿಗಳ ನಡುವೆ ಕೂತು ಬೆವರು ಒರೆಸಿಕೊಳ್ಳುತ್ತ ಹೇಳಿದೆ: "ತಡಕೊ. ಎದುರ ಮಾತಾಡಬ್ಯಾಡ. ತವರು ನೆನಸಬ್ಯಾಡ. ತಡಕೊಂಡ್ರ ಎಲ್ಲಾ ಸರಿ ಹೋಗ್ತದ." ಅರ್ಧ ತಾಸು ಇದನ್ನೇ ಹೇಳಿದೆ.

ಎರಡು ತಿಂಗಳಿಗೆ ಕಮಲಾಪುರದಿಂದ ಮಾತು ಬಂತು: ಸೊಸೆ ಈಗ ತುಟಿ ಬಿಚ್ಚುವುದಿಲ್ಲ, ಬಂಗಾರದಂಥವಳಾಗಿದ್ದಾಳೆ. ಕಾಕಾ ಖುಷಿಯಿಂದ ನಮ್ಮ ಮನೆಗೆ ಬಂದು ಹೇಳಿ ಚಹಾ ಕುಡಿದು ಹೋದರು. ದಸರೆಯ ಹೊತ್ತಿಗೆ ಆ ಸೊಸೆ ಬಾಳೆತೋಟದ ಬಾವಿಗೆ ಬಿದ್ದು ಸತ್ತಳು. ನಮಗೆ ಅದೂ ಗೊತ್ತಿರಲಿಲ್ಲ. ಅವಳ ತಂದೆ ಅಂಗಡಿಗೆ ಬಂದ ದಿನವೇ ಗೊತ್ತಾದದ್ದು.

ಅವನು ತಾಜಸುಲ್ತಾನಪುರದ ರೈತ, ವಯಸ್ಸಾದವನು. ಶಾಲೆ ಬಿಟ್ಟು ಬಂದು ನಾನು ಕಾಕಾರಿಗೆ ಚಹಾ ಕೊಡಲು ಹೋಗಿದ್ದೆ. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಒಳಬಂದು ಪಂಜೆಯ ಗಂಟಿನಿಂದ ಕ್ಯಾಸೆಟ್ ತೆಗೆದ.

"ಇದು ನಿಮ್ಮ ಅಂಗಡೀದೇನ್ರೀ? ಮ್ಯಾಲ ನಿಮ್ಮ ಅಂಗಡಿ ಚೀಟಿ ಅದ ಅಂದ್ರು. ನನ್ನ ಮಗಳು ತೀರಿಕೊಂಡಾಳರಿ, ಕಮಲಾಪುರದಾಗ, ಬಾವ್ಯಾಗ ಬಿದ್ದು. ಆಕಿ ಟ್ರಂಕು ವಾಪಸ್ ಕೊಟ್ಟರು, ಅದರಾಗ ಇತ್ತು. ದಿನಾ ಇದನ್ನೇ ಕೇಳಕೋತ ಕೂಡತಿದ್ದಳಂತ. ನಮ್ಮ ಮನ್ಯಾಗ ಟೇಪ್ ಇಲ್ಲರಿ. ಕಡೀತನಕ ಆಕಿ ಏನು ಕೇಳಿದಳು, ನಾನೂ ಒಮ್ಮೆ ಕೇಳಬೇಕು."

ಕಾಕಾ ಅದನ್ನು ಟೇಪಿಗೆ ಹಾಕಿ ಹಚ್ಚಿದರು. ಅವನು ನೆಲದ ಮೇಲೆ ಕೂತು, ಕಣ್ಣು ಮುಚ್ಚಿ, ಒಂದು ಮಗ್ಗುಲು ಪೂರ್ತಿ ಕೇಳಿದ. ಅರ್ಧ ತಾಸು. ಚಹಾ ಆರಿ ಕೆನೆಗಟ್ಟಿತು. ಟೇಪು ನಿಂತ ಮೇಲೆ ಕಣ್ಣೊರೆಸಿಕೊಂಡು "ಭಾಳ ಚಂದ ಅದರಿ" ಎಂದ. ಕಾಕಾರಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ಕೊಳಲಿನ ಅಡಿಯಲ್ಲಿ ಏನಿದೆ, ಯಾರು ಮಾಡಿಸಿದರು, ಏನು ಹೇಳಿದೆ, ಒಂದೂ ಬಿಡದೆ ಹೇಳಿಬಿಟ್ಟರು.

"ಯಾರ ದನೀರಿ ಅದು?" ಎಂದು ಕೇಳಿದ.

ನಾನು ಅಲ್ಲೇ ನಿಂತಿದ್ದೆ. ಕೋಟೆಯ ತನಕ ಕೇಳುವ ನನ್ನ ಬಾಯಿ ಆ ಹೊತ್ತು ತೆರೆಯಲಿಲ್ಲ. ಕಾಕಾ ನನ್ನ ಕಡೆ ಹೊರಳಿಯೂ ನೋಡದೆ "ನನ್ನದೇರಿ" ಎಂದರು.

ಅವನು ಬೈಯಲಿಲ್ಲ. ಬೈದು ಎರಡೇಟು ಹಾಕಿದ್ದರೆ ಎಷ್ಟೋ ಬೇಸಿತ್ತು. ನೆಲ ನೋಡುತ್ತ ಹೇಳಿದ: "ನೀವು ಕೊಳಲಿನ್ಯಾಗ ಮುಚ್ಚಿ ಹೇಳೀರಿ. ನಾ ಬಾಯಿ ಬಿಟ್ಟೇ ಹೇಳಿದ್ದೆನಲ್ರೀ. ಮೂರು ಸಲ ಓಡಿ ಬಂದಳು. ಬೆನ್ನು ತೋರಿಸಿದಳು. ಮೂರು ಸಲನೂ ಉಡಿ ತುಂಬಿಸಿ ನಾನೇ ಬಸ್ ಹತ್ತಿಸಿದೆ, ತಡಕೊ ಯವ್ವಾ ಅಂದೆ. ಪಂಚಮಿಗೆ ಕರೀಲಿಕ್ಕ ಹೋದ್ರ, ಒಲ್ಲೆ ಅಪ್ಪಾ, ನಿನಗ್ಯಾಕ ತ್ರಾಸ ಅಂದಳು." ಇಷ್ಟು ಹೇಳಿ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದ. ಕ್ಯಾಸೆಟ್ಟನ್ನು ಅಲ್ಲೇ ಬಿಟ್ಟ.

ಆ ಮೇಲೆ ಕಾಕಾ ಅಂಗಡಿಯ ಕದ ಹಾಕಿಕೊಂಡರು. ನಾನು ಊಟ ಒಯ್ದರೆ ಗಂಗಾಳ ಹಾಗೇ ಇರುತ್ತಿತ್ತು. "ಇದು ಕೆಲಸ ಮಾಡ್ತದ ಅಂದ್ರ ಆ ಹುಡುಗಿನ್ನ ನಾ ಕೊಂದೀನಿ. ಮಾಡಂಗಿಲ್ಲ ಅಂದ್ರ ಇಷ್ಟು ಮಂದಿಗೆ ಸುಳ್ಳು ಹೇಳಿದ ಠಕ್ಕ ನಾ. ಎರಡರಾಗ ಯಾವುದು ಅವ್ವಾ?" ಎಂದು ಕೇಳುವರು. ನಾನು ಗಂಗಾಳ ಎತ್ತಿಕೊಂಡು ಬರುವೆ. ಕೊನೆಗೆ ಒಂದು ದಿನ ಸಿಟ್ಟಿನಿಂದಲೇ, ಕೂತು ಅಳುವ ಬದಲು ಆ ನಕಲನ್ನು ಒಮ್ಮೆ ಸರಿಯಾಗಿ ಕೇಳಿ ನೋಡಿರಿ ಎಂದೆ.

ಒಂದು ವಾರ ಹೆಡ್‌ಫೋನ್ ಹಾಕಿಕೊಂಡು ಕೇಳಿದರು. ದನಿ ಏರಿಸಿ, ಹಿಂದೆ ಮುಂದೆ ಓಡಿಸಿ ಕೇಳಿದರು. ಆಮೇಲೆ ಬೇರೆ ನಕಲುಗಳನ್ನೂ ತರಿಸಿ ಕೇಳಿದರು. ಯಾವುದರಲ್ಲೂ ನನ್ನ ದನಿ ಇರಲಿಲ್ಲ. ನಕಲು ಮಾಡುವಾಗ ಟೇಪಿನ ಸುಂಯ್ ಎನ್ನುವ ಸದ್ದು ಏರಿ, ಅಷ್ಟು ಸಣ್ಣ ಪಿಸುಮಾತು ಅದರಡಿಯಲ್ಲಿ ಹೂತುಹೋಗಿತ್ತು. ಇಷ್ಟು ವರ್ಷ ಜನ ಕೇಳಿದ್ದು ಬರೀ ಕೊಳಲು.

ನನಗಾದ ನೆಮ್ಮದಿ ಹೇಳತೀರದು. "ಬದುಕಿದ್ವಿ ಕಾಕಾ! ನಾವು ಏನೂ ಮಾಡಿಲ್ಲ!" ಎಂದು ಕೂಗಿಬಿಟ್ಟೆ. ಅವರು ಸುಮ್ಮನೆ, "ಹಂಗಾದ್ರ ನಿಮ್ಮಣ್ಣ ಹ್ಯಾಂಗ ಬಿಟ್ಟ?" ಎಂದರು.

ಹೋಗಿ ಅಣ್ಣನನ್ನು ಕೇಳಿದೆ. ಅವನು ನಕ್ಕ. "ಮೊದಲನೇ ದಿನಾನೇ ಗೊತ್ತಿತ್ತು ಬಿಡು. ನಿಮ್ಮ ವೈನಿ ಹೊಟ್ಯಾಗ ಮಾತು ನಿಲ್ತಾವೇನು? ನನ್ನ ಸಲುವಾಗಿ ನೀವು ಮೂರು ಮಂದಿ ಹಿಂಗ ಕದ್ದು ಮುಚ್ಚಿ ಹೆಣಗತೀರಲ್ಲ, ನೋಡಿ ನಾಚಿಕಿ ಆತು. ಅದಕ್ಕ ಬಿಟ್ಟೆ."

ಓಡಿ ಬಂದು ಕಾಕಾರಿಗೆ ಹೇಳಿದೆ. ಸಮಾಧಾನವಾದೀತು ಎಂದುಕೊಂಡಿದ್ದೆ. ಅವರ ಮುಖ ಬೂದಿಯಾಯಿತು.

"ಅಂದ್ರ ಆ ಹುಡುಗಿಗೂ ಗೊತ್ತಿತ್ತು" ಎಂದರು. "ಅತ್ತಿ ಹೇಳದೇ ಇರ್ತಾಳೇನು, ನಿನಗ ಬುದ್ಧಿ ಕಲಿಸೋ ಕ್ಯಾಸೆಟ್ ಇದು ಅಂತ? ನಿಮ್ಮಣ್ಣಗ ಗೊತ್ತಾತು, ತನ್ನ ಹಿಂದ ಮೂರು ಮಂದಿ ಇದ್ದಾರ ಅಂತ. ಆಕಿಗೆ ಗೊತ್ತಾತು, ಯಾರೂ ಇಲ್ಲ ಅಂತ. ಗಂಡ, ಅತ್ತಿ, ಹಡದಪ್ಪ, ಕಡೀಕ ಗುರ್ತ ಪರಿಚಯ ಇಲ್ಲದ ಕಲಬುರಗಿ ಮಂದೀನೂ ತಡಕೊ ಅಂತಾರ ಅಂದ್ರ ಎಲ್ಲಿಗೆ ಹೋಗಬೇಕು ಆಕಿ? ಟೇಪಿನ್ಯಾಗ ಮಾತು ಇದ್ರೇನು, ಬಿಟ್ರೇನು."

ಅದಾದ ಮೇಲೆ ಅವರು ಒಂದು ಕ್ಯಾಸೆಟ್ಟನ್ನೂ ತುಂಬಲಿಲ್ಲ. ನನ್ನ ದನಿಯ ಮೂಲಗಳನ್ನೆಲ್ಲ ಅಳಿಸಿದರು. ಕೌದಿಗಳನ್ನು ಇಳಿಸಿ, ರೇಡಿಯೋ ರಿಪೇರಿ ಮಾಡಿಕೊಂಡು ಹತ್ತು ಹನ್ನೆರಡು ವರ್ಷ ಇದ್ದರು. ಹೆಂಗಸರು ಯಾರಾದರೂ ಬಂದು ಮನೆಯ ಕಷ್ಟ ಹೇಳಿಕೊಂಡರೆ ಮಾತ್ರ "ಹೊಡೀತಾನೇನು?" ಎಂದು ಮೊದಲು ಕೇಳುವರು. ಎಷ್ಟು ಗಟ್ಟಿಯಾಗಿ ಕೇಳುವರೆಂದರೆ ಬಂದವರು ಬೆಚ್ಚಿಬೀಳುತ್ತಿದ್ದರು. ಎರಡು ಸಾವಿರದ ಇಸವಿ ದಾಟಿದ ಮೇಲೆ, ಒಂದು ಮಳೆಗಾಲ, ಜ್ವರ ಬಂದು ನಾಲ್ಕೇ ದಿನಕ್ಕೆ ಹೋದರು. ಬಾಯಿಗೆ ನೀರು ಬಿಟ್ಟವಳು ನಾನೇ.

ಅವರು ಹೋದ ಎರಡನೆಯ ವರ್ಷ ನನ್ನ ಮಗಳು ಒಂದು ಮಧ್ಯಾಹ್ನ ಬ್ಯಾಗು ಹಿಡಿದು ಬಾಗಿಲಿಗೆ ಬಂದಳು. "ಅವ್ವಾ, ನಾಲ್ಕ ದಿನ ಇರ್ತೀನಿ" ಎಂದಳು. ತೋಳಿನ ಮೇಲೆ ಕಂದಿದ ಗುರುತಿತ್ತು. ನಿಜ ಹೇಳುತ್ತೇನೆ, ಆಗಲೂ ನನ್ನ ನಾಲಿಗೆಯ ತುದಿಗೆ ಮೊದಲು ಬಂದದ್ದು ತಡಕೊ ಎಂಬ ಅದೇ ಮಾತು. ನುಂಗಿಕೊಂಡೆ. "ಹೊಡದಾನೇನು?" ಎಂದು ಓಣಿಗೆಲ್ಲ ಕೇಳುವಂತೆ ಕೇಳಿ, ಅವಳ ಬ್ಯಾಗು ಕಸಿದುಕೊಂಡು ಒಳಗಿಟ್ಟೆ. ಅವಳು ತಿರುಗಿ ಹೋಗಲಿಲ್ಲ. ಈಗ ಬೀದರಿನಲ್ಲಿ ನೌಕರಿ ಮಾಡಿಕೊಂಡು ಬದುಕಿದ್ದಾಳೆ.

ಮುಂದಿನ ವಾರವೇ ನಾನು ತಾಜಸುಲ್ತಾನಪುರದ ಬಸ್ ಹತ್ತಿದೆ. ಆ ತಂದೆಗೆ ಒಂದು ಮಾತು ಹೇಳಬೇಕಿತ್ತು. ಕೇಳಿಕೊಂಡು ಮನೆ ಹುಡುಕಿದರೆ, ಅವನು ತೀರಿಕೊಂಡು ವರ್ಷಗಳೇ ಆಗಿದ್ದವು. ಕಲಬುರಗಿಯ ಯಾರೋ ಕ್ಯಾಸೆಟ್‌ನವನು ತನ್ನ ದನಿಯಲ್ಲಿ ಮಗಳಿಗೆ ಏನೋ ಊದಿದ್ದನಂತೆ ಎಂದು ಮನೆಯವರು ನನಗೇ ಹೇಳಿ, ಅವನ ಹೆಸರಿಗೆ ಹಿಡಿಶಾಪ ಹಾಕಿದರು. ಅಲ್ಲೂ ಬಾಯಿ ಬಿಡಲಾರದೆ ನೀರು ಕುಡಿದು ಬಂದೆ. ಕಾಕಾ ಸತ್ತ ಮೇಲೂ ನನ್ನ ಪಾಲಿನ ಬೈಗುಳ ತಿನ್ನುತ್ತಿದ್ದಾರೆ. ಆ ದನಿ ಅವರದಲ್ಲ, ನನ್ನದು. ಇದನ್ನು ಹೇಳಬೇಕೆಂದೇ ಇಷ್ಟೆಲ್ಲ ಬರೆದೆ.