ಬರಿಗಾಲಿನ ಶ್ರಾವಣ

ಮಲ್ಲಯ್ಯನ ಹೆಸರು ಹೇಳಿ ದಿನ ಆರಂಭಿಸುವ ಎಲ್ಲ ಅಕ್ಕ-ಅಣ್ಣಂದಿರಿಗೆ ಕಮಲಾಪುರದ ಮಹಾದೇವಿಯ ಶರಣಾರ್ಥಿ. ನನ್ನ ಓದು ಐದೇ ಐದು ಅಂಕಿಗೆ ನಿಂತುಹೋಗುವುದರಲ್ಲಿತ್ತು. ಅದನ್ನು ಮಲ್ಲಯ್ಯ ಹೇಗೆ ಉಳಿಸಿದ ಎಂಬುದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಅದು ತೊಂಬತ್ತಾರನೆಯ ಇಸವಿ. ಕಲಬುರ್ಗಿಯಲ್ಲಿ ಎಂ.ಎ. ಮೊದಲ ವರ್ಷ ಮುಗಿಸಿದ್ದೆ. ಆ ವರ್ಷವೆಲ್ಲ ಗಾಜಿಪುರದ ಚಿಕ್ಕಮ್ಮನ ಮನೆಯಲ್ಲಿದ್ದು ಓದಿದವಳು ನಾನು. ಅಷ್ಟರಲ್ಲಿ ಚಿಕ್ಕಪ್ಪನಿಗೆ ಬೀದರಿಗೆ ವರ್ಗವಾಗಿ ಅವರು ಮನೆ ಖಾಲಿ ಮಾಡಿದರು. ಎರಡನೆಯ ವರ್ಷಕ್ಕೆ ಹಾಸ್ಟೆಲ್ಲೇ ಗತಿಯಾಯಿತು. ಅಪ್ಪ ನಂದೂರಿನ ಬೇಳೆ ಮಿಲ್ಲೊಂದರಲ್ಲಿ ತೂಕದ ಕೆಲಸಕ್ಕಿದ್ದ. ಹಾಸ್ಟೆಲ್ಲಿನ ಖರ್ಚು ತನ್ನ ಕೈಲಾಗದು, ಸರ್ಕಾರದ ಅಂಗವಿಕಲರ ವಿದ್ಯಾರ್ಥಿವೇತನ ಸಿಕ್ಕರೆ ಓದು, ಇಲ್ಲದಿದ್ದರೆ ಮನೆಯಲ್ಲಿರು ಎಂದ. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಮೂರು ವರ್ಷದವಳಿದ್ದಾಗ ನನಗೆ ಪೋಲಿಯೋ ಆಗಿತ್ತು. ಎಡಗಾಲು ಸಣ್ಣದು, ಗಿಡ್ಡದು, ಹಿಮ್ಮಡಿ ನೆಲ ಮುಟ್ಟುವುದಿಲ್ಲ. ಆದರೆ ಇದು ಊರಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲ, ಗೊತ್ತಿದ್ದವರು ಮರೆತಿದ್ದಾರೆ ಎಂದು ಅವ್ವ ನಂಬಿದ್ದಳು. ನನಗೆ ಹನ್ನೆರಡು ತುಂಬಿದಾಗಲೇ ಸಮಗಾರರ ಹತ್ತಿರ ಎಡಚಪ್ಪಲಿಗೆ ಪದರದ ಮೇಲೆ ಪದರ ತೊಗಲು ಕೂಡಿಸಿ ಎತ್ತರ ಮಾಡಿಸಿದ್ದಳು. ಅದರ ಮೇಲೆ ನೆಲ ಗುಡಿಸುವ ಲಂಗ, ಆಮೇಲೆ ಸೀರೆ. ಯಾರಾದರೂ ತ್ರಾಸಾಗುತ್ತದೆಯೇ ಎಂದು ಕೇಳಿದರೆ ಇಲ್ಲ ಎನ್ನಬೇಕು. ನಾಳೆ ಮದುವೆಯಾಗಬೇಕಾದ ಹುಡುಗಿ ನಾನು! ಹತ್ತು ವರ್ಷ ಹಾಗೆ ಹೇಳಿ ಹೇಳಿ, ನನ್ನ ಕಾಲಿಗೇ ಅದು ನಿಜವೆನ್ನಿಸಿತ್ತೋ ಏನೋ.

ವಿದ್ಯಾರ್ಥಿವೇತನಕ್ಕೆ ದವಾಖಾನೆಯ ಸರ್ಟಿಫಿಕೇಟು ಬೇಕು, ಅದರಲ್ಲಿ ಅಂಗವಿಕಲತೆ ನೂರಕ್ಕೆ ನಲವತ್ತಾದರೂ ಇರಬೇಕು. ಮೊದಲ ಸಲ ಹೋಗುವ ದಿನ ಅವ್ವ ನನಗೆ ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ಉಡಿಸಿದಳು. ಮುಡಿಗೆ ಹೂವು ಬೇರೆ. ಹೊಸ ಜನ, ದೊಡ್ಡ ಡಾಕ್ಟರು, ಚೆಂದ ಕಾಣಬೇಕಲ್ಲ. ಅಲ್ಲಿ ಹರೆಯದ ಡಾಕ್ಟರೊಬ್ಬರು ಗಡಿಬಿಡಿಯಲ್ಲಿದ್ದರು. ನಡೆದು ತೋರಿಸು ಎಂದರು. ಕನ್ಯೆ ನೋಡಲು ಬಂದವರ ಮುಂದೆ ನಡೆದ ಹಾಗೆ ನಡೆದೆ. ಮೆಟ್ಟಿಲು ಹತ್ತುತ್ತೀಯಾ ಎಂದರೆ ಹತ್ತುತ್ತೇನೆ ಎಂದೆ. ದೂರ ನಡೆದರೆ ನೋವೇ ಎಂದರೆ ಏನೂ ಇಲ್ಲ ಎಂದೆ. ಚಪ್ಪಲಿ ಬಿಚ್ಚು ಎಂದು ಅವರು ಹೇಳಲಿಲ್ಲ, ನಾನೂ ಬಿಚ್ಚಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅವ್ವನ ಮುಖದಲ್ಲಿ ಮಗಳು ಪಾಸಾದಳು ಎಂಬ ಖುಷಿ ಇತ್ತು.

ಮೂವತ್ತೈದು ಎಂದು ಬರೆದುಕೊಟ್ಟರು. ವಿದ್ಯಾರ್ಥಿವೇತನದ ಕಚೇರಿಯ ಗುಮಾಸ್ತರು ಕಾಗದ ತಿರುಗಿಸಿ ನೋಡಿ, "ಮೂವತ್ತೈದು ಅಂದ್ರ ಮೆಟ್ರಿಕ್‌ನ್ಯಾಗ ಪಾಸು, ಇಲ್ಲಿ ನಪಾಸು ನೋಡವಾ" ಎಂದರು. ಒಳ್ಳೆಯ ಮನುಷ್ಯ, ಮತ್ತೊಮ್ಮೆ ಪರೀಕ್ಷಿಸಿ ಎಂದು ಅರ್ಜಿ ಬರೆಯಲು ಅವರೇ ಹೇಳಿಕೊಟ್ಟರು. ಶ್ರಾವಣ ಮುಗಿಯುವುದರೊಳಗೆ ಹೊಸ ಕಾಗದ ತಂದರೆ ಸರಿ, ಇಲ್ಲದಿದ್ದರೆ ಈ ವರ್ಷದ ಬಾಗಿಲು ಮುಚ್ಚಿತು. ಶ್ರಾವಣದ ಮೂರನೆಯ ಗುರುವಾರ ಬಾ ಎಂದು ದವಾಖಾನೆಯವರು ತಿಳಿಸಿದರು. ಅದೇ ಕಾಲು, ಅದೇ ಡಾಕ್ಟರು, ಅಂಕಿ ಹೇಗೆ ಏರೀತು ಎಂದು ಕಂಡವರೆಲ್ಲ ಕೇಳಿದರು. ನನ್ನ ಹಾಸಿಗೆ ಸುರುಳಿ, ಪುಸ್ತಕದ ಟ್ರಂಕು ಗಾಜಿಪುರದಿಂದ ಬಸ್ಸಿನ ಟಾಪು ಏರಿ ಕಮಲಾಪುರಕ್ಕೆ ವಾಪಸು ಬಂದವು. ಟ್ರಂಕನ್ನು ಅಟ್ಟಕ್ಕೆ ಹಾಕಲೇ ಎಂದು ಅಪ್ಪ ಕೇಳಿದಾಗ ನನ್ನ ಎದೆ ಒಡೆಯಿತು.

ಶ್ರಾವಣದ ಮೊದಲ ಸೋಮವಾರ ನಮ್ಮ ಓಣಿಯ ಮಲ್ಲಯ್ಯನ ಗುಡಿಗೆ ಹೋದೆ. ನಾಲ್ಕು ಜನ ನಿಂತರೆ ತುಂಬುವ ಗುಡಿ ಅದು. ಬೇಡಿಕೊಂಡೆ ಎಂದು ಬರೆದರೆ ಸುಳ್ಳಾದೀತು, ಜಗಳವಾಡಿದೆ. ಕಾಲನ್ನಂತೂ ಹೀಗೆ ಕೊಟ್ಟೆ, ಓದನ್ನೂ ಕಸಿಯುತ್ತೀಯಾ ಎಂದು ಕೇಳಿದೆ. ಅತ್ತು ಸಾಕಾದ ಮೇಲೆ ಬಾಯಿಂದ ಹರಕೆ ತಾನಾಗಿ ಬಂತು. ಈ ಶ್ರಾವಣ ಮುಗಿಯುವವರೆಗೆ ಚಪ್ಪಲಿ ಮೆಟ್ಟುವುದಿಲ್ಲ ತಂದೆ, ಎಂದುಬಿಟ್ಟೆ.

ನಮ್ಮ ಕಡೆ ಶ್ರಾವಣವಿಡೀ ಬರಿಗಾಲಲ್ಲಿ ಇರುವವರು ಬಹಳ. ಮಿಲ್ಲಿನ ಹಮಾಲರೂ ಇರುತ್ತಾರೆ, ಬ್ಯಾಂಕಿನ ಸಾಹೇಬರೂ ಇರುತ್ತಾರೆ. ಅವರಿಗೆ ಕಲ್ಲುಮುಳ್ಳಿನದೊಂದೇ ಚಿಂತೆ. ನಾನು ಚಪ್ಪಲಿ ಬಿಟ್ಟರೆ ಹತ್ತು ವರ್ಷದ ಗುಟ್ಟು ಓಣಿಯ ಪಾಲು. ಅವ್ವನಿಗೆ ಹೇಳಿದಾಗ ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು.

"ಬ್ಯಾರೆ ಹರಕಿ ಹೊತ್ಕೋ ನನ್ನವ್ವಾ. ಉಪಾಸ ಇರು, ಉರುಳುಸೇವಾ ಮಾಡು, ನಿನ್ ಜೋಡಿ ನಾನೂ ಮಾಡ್ತೀನಿ. ಇದೊಂದು ಬ್ಯಾಡ."

ದೇವರ ಮುಂದೆ ಆಡಿದ ಮಾತನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ಮರುದಿನದಿಂದ ನಾನು ಮೇಲೆ ಕೆಳಗೆ ತೂಗಾಡುತ್ತ ನೀರಿಗೆ ಹೋದೆ, ಗುಡಿಗೆ ಹೋದೆ. ಜನ ನೋಡಿದರು. ಅವ್ವ ಬಾಗಿಲಿಗೆ ಬರುವುದನ್ನೇ ಬಿಟ್ಟಳು. ಡಾಕ್ಟರಿಗೆ ತೋರಿಸಲೆಂದೇ ಜಾಣಿ ಈ ಹರಕೆ ಹೊತ್ತಳು ಎಂದು ಇವತ್ತಿಗೂ ಕೆಲವರು ನನ್ನನ್ನು ಕಾಡಿಸುತ್ತಾರೆ. ಮಲ್ಲಯ್ಯನ ಆಣೆ, ಸರ್ಟಿಫಿಕೇಟಿಗೂ ಚಪ್ಪಲಿಗೂ ಸಂಬಂಧವಿದೆಯೆಂದು ನನಗೆ ಹೊಳೆದೇ ಇರಲಿಲ್ಲ. ಅಷ್ಟು ಬುದ್ಧಿ ಇದ್ದಿದ್ದರೆ ಮೊದಲ ಸಲವೇ ಬಿಚ್ಚುತ್ತಿದ್ದೆ.

ಮೂರನೆಯ ಗುರುವಾರ ಬೆಳಗಿನ ಬಸ್ಸಿಗೆ ಅವ್ವ, ನಾನು ಕಲಬುರ್ಗಿಗೆ ಹೊರಟೆವು. ಜಿಟಿಜಿಟಿ ಮಳೆ. ದವಾಖಾನೆಯ ಗೇಟಿನ ಹತ್ತಿರ ಕರಿ ಕೆಸರು ಕಾಲಿಗೆ ಮೆತ್ತಿತು. ಒಳಗೆ ಉದ್ದನೆಯ ವರಾಂಡವನ್ನು ಆಗಷ್ಟೇ ಒರೆಸಿದ್ದರು. ಅದರುದ್ದಕ್ಕೂ ನಡೆದು ಹೋಗಿ ಕೊನೆಯ ಬೆಂಚಿನ ಮೇಲೆ ಕುಳಿತೆವು. ಹರೆಯದ ಡಾಕ್ಟರು ಅಂದು ರಜೆ ಎಂದು ಗೊತ್ತಾಯಿತು. ಅವರ ಬದಲಿಗೆ ವಯಸ್ಸಾದ ಹೆಣ್ಣುಮಗಳು, ಡಾಕ್ಟರ್ ಬಾಯಿ ಒಬ್ಬರು ಬರುವವರಿದ್ದರು.

ಅವರು ಬಂದರು. ವರಾಂಡದ ಆ ತುದಿಯಲ್ಲಿ ಗಕ್ಕನೆ ನಿಂತು ನೆಲ ನೋಡಿದರು. ಸೆರಗು ಎತ್ತಿ ಹಿಡಿದು, ನೆಲ ನೋಡುತ್ತಲೇ, ಒಂದೊಂದೇ ಹೆಜ್ಜೆ ಇಡುತ್ತ ನಮ್ಮ ಬೆಂಚಿನ ತನಕ ಬಂದರು.

"ಇವು ನಿನ್ನ ಹೆಜ್ಜಿ ಏನು ತಂಗಿ?"

ನೆಲ ಹೊಲಸು ಮಾಡಿದ್ದಕ್ಕೆ ಬೈಗುಳ ಎಂದುಕೊಂಡು, ತಪ್ಪಾಯಿತು, ಒರೆಸುತ್ತೇನೆ ಎಂದು ಎದ್ದೆ. ಒರೆಸಬೇಡ, ಮೊದಲು ನೋಡು ಎಂದರು. ನೋಡಿದೆ. ಬಲಗಾಲು ಪೂರ್ತಿ ಮೂಡಿತ್ತು, ಹಿಮ್ಮಡಿ ಸಮೇತ. ಎಡಗಾಲಿನದು ಬರೀ ಬೆರಳು, ಅದರ ಹಿಂದೆ ಒಂದಿಷ್ಟು ಎಳೆದ ಗೆರೆ. ವರಾಂಡದ ಆ ತುದಿಯಿಂದ ಈ ತುದಿಯವರೆಗೂ ಅದೇ. ನನ್ನ ನಡಿಗೆಯನ್ನು ನಾನು ಕಂಡದ್ದು ಅದೇ ಮೊದಲು. ನಾನು ಬಾಯಿಬಿಟ್ಟು ಹೇಳದೆ ಇದ್ದದ್ದನ್ನೆಲ್ಲ ಯಾರೋ ನೆಲದ ಮೇಲೆ ಬರೆದಿಟ್ಟಿದ್ದರು. ತಂದೆ, ಚಪ್ಪಲಿ ಬಿಡಿಸಿದವನು ನೀನೇ, ಮಳೆ ತಂದವನೂ ನೀನೇ ಎಂದು ಮನಸ್ಸಿನಲ್ಲೇ ಕೈಮುಗಿದೆ.

ಒಳಗೆ ಮಲಗಿಸಿ ಟೇಪು ಹಿಡಿದು ಎರಡೂ ಕಾಲು ಅಳೆದರು. ಮಂಡಿ ಬಗ್ಗಿಸಿದರು, ಒತ್ತಿ ನೋಡಿದರು. ಹಳೆಯ ಕಾಗದ ಓದಿ, ಇದರಲ್ಲಿ ಎಲ್ಲದಕ್ಕೂ ತೊಂದರೆ ಇಲ್ಲ ಎಂದಿದೆಯಲ್ಲ ಎಂದರು. ಆಮೇಲೆ ನನ್ನ ಮುಖ ನೋಡಿ ಕೇಳಿದರು.

"ಮೆಟ್ಟಲ ಹತ್ತಿದ್ರ ತ್ರಾಸ ಆಗ್ತದೇನು? ಖರೆ ಹೇಳು."

ಇಲ್ಲ ಎಂಬ ಮಾತು ತುಟಿಯಲ್ಲೇ ಇತ್ತು. ಅವ್ವ ಪಕ್ಕದಲ್ಲೇ ನಿಂತಿದ್ದಳು. ಆ ಒಂದು ಗಳಿಗೆ ನನಗೆ ಇಂದಿಗೂ ಸೋಜಿಗ. ಗಂಟಲೊಳಗೆ ಯಾರೋ ಕೈ ಹಾಕಿ ಮಾತನ್ನು ತಿರುಗಿಸಿದರು.

"ಆಗ್ತದ್ರಿ. ದಿನಾ ಆಗ್ತದ್ರಿ."

ಅಳು ಒತ್ತರಿಸಿ ಬಂತು. ಕ್ಲಾಸಿನ ಮೆಟ್ಟಿಲು, ಬಸ್ಸಿನ ಫುಟ್‌ಬೋರ್ಡು, ಸಂಜೆಯಾದರೆ ಸೊಂಟದಿಂದ ಇಳಿಯುವ ನೋವು, ಎಲ್ಲ ಹೇಳಿದೆ. ಡಾಕ್ಟರ್ ಬಾಯಿ ಬರೆದುಕೊಳ್ಳುತ್ತಲೇ ಹೋದರು. ಕೊನೆಗೆ, "ಕಾಲಿಗೆ ಯಾಕವ್ವಾ ನಾಚ್ಕೋತಿ? ಕದ್ದು ತಂದೀಯೇನು?" ಎಂದು ಬೆನ್ನು ತಟ್ಟಿದರು. ಹೊಸ ಕಾಗದದಲ್ಲಿ ಐವತ್ತು ಎಂದಿತ್ತು.

ಅಂದೇ ಮಧ್ಯಾಹ್ನ ಕಾಗದ ಗುಮಾಸ್ತರ ಮೇಜು ಮುಟ್ಟಿತು. ವಾಪಸು ಬರುವಾಗ ಬಸ್ಸಿನಲ್ಲಿ ಅವ್ವ ನನ್ನ ಬರಿಗಾಲನ್ನೇ ನೋಡುತ್ತ ಕುಳಿತಳು. ಆಮೇಲೆ, ಇಷ್ಟು ವರ್ಷ ನೋವಾಗುತ್ತಿತ್ತೇ ಎಂದು ಮೆಲ್ಲಗೆ ಕೇಳಿದಳು. ಹೂಂ ಎಂದೆ. ಅಷ್ಟು ಜನರ ನಡುವೆ ನನ್ನ ಎಡಗಾಲನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಕಮಲಾಪುರ ಬರುವವರೆಗೂ ಒತ್ತಿದಳು.

ವಿದ್ಯಾರ್ಥಿವೇತನ ಬಂತು, ಎಂ.ಎ. ಮುಗಿಯಿತು, ಇಂದು ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಇದೆಲ್ಲ ಮಲ್ಲಯ್ಯನ ಕೃಪೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ನೆನೆದರೆ ಇವತ್ತಿಗೂ ಕಣ್ಣು ತುಂಬುವುದು ಆ ಶ್ರಾವಣದ ಕೊನೆಯ ಸೋಮವಾರ ನಡೆದದ್ದಕ್ಕೆ. ಮೂರು ವಾರ ಬಾಗಿಲಿಗೆ ಬಾರದಿದ್ದ ಅವ್ವ ಅಂದು ನನ್ನ ಕೈ ಹಿಡಿದು ಓಣಿಯ ನಡುವೆ ಗುಡಿಗೆ ನಡೆದಳು. ಕಟ್ಟೆಯ ಮೇಲೆ ಕುಳಿತಿದ್ದ ಮುದುಕಿಯೊಬ್ಬಳು, ನಿನ್ನ ಮಗಳ ಕಾಲಿಗೆ ಏನಾಗಿದೆ ಎಂದು ಕೇಳಿದಳು. ಅವ್ವ ನಿಂತಳು. ಸೆರಗು ಸರಿ ಮಾಡಿಕೊಂಡಳು.

"ಸಣ್ಣಕಿ ಇದ್ದಾಗಿಂದ ಹಂಗ ಅದ ಯಕ್ಕಾ. ಇದ ಕಾಲಿಲೆ ನಡದು ಆಕಿ ಎಂ.ಎ. ಓದಾಕತ್ತಾಳ."

ಆ ಮಾತು ಅವಳ ಬಾಯಿಂದ ಕೇಳಿಸಿದ ತಂದೆ ಮಲ್ಲಯ್ಯನಿಗೆ ನನ್ನ ಸಾವಿರ ಶರಣು.