ಸರಿ ಕಾಲು, ತಪ್ಪು ಕಾಲು

ನಮ್ಮ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಕೆಂಪಿಂಕು ಮೇಷ್ಟ್ರು ಎಂದರೇ ಜನಕ್ಕೆ ಗುರುತು. ಔಷಧಿ ಅಂಗಡಿಯ ಬೋರ್ಡಿನಲ್ಲಿ ಒತ್ತಕ್ಷರ ಜಾರಿದ್ದರೂ ಸರಿ, ಕರೆಂಟ್ ಬಿಲ್ಲಿನಲ್ಲಿ ದೀರ್ಘ ಬಿಟ್ಟುಹೋಗಿದ್ದರೂ ಸರಿ, ಜೇಬಿನಿಂದ ಕೆಂಪು ಪೆನ್ನು ಹೊರಬಂತೆಂದೇ ಲೆಕ್ಕ.

ಇಂಥವರ ಬಲ ಅಂಗಾಲಿನಲ್ಲಿ, ಹೇಳದೆ ಕೇಳದೆ, ಗೋಲಿಯಷ್ಟು ಗಂಟೊಂದು ಎದ್ದಿತು. ಚಪ್ಪಲಿ ಮೆಟ್ಟಿದರೆ ಒತ್ತುತ್ತಿತ್ತು.

"ಮೂಳೆಯದ್ದಲ್ಲ, ಮೆತ್ತಗಿನ ಗಂಟು. ಅಪಾಯ ಏನಿಲ್ಲ, ಆದ್ರೆ ನಡೆಯೋಕೆ ಬಿಡಲ್ಲ. ತೆಗೆದುಬಿಡೋಣ" ಎಂದರು ಡಾಕ್ಟರು.

ಮೇಷ್ಟ್ರಿಗೆ ಗಂಟಿನ ಭಯವಿರಲಿಲ್ಲ. ಇದ್ದ ಭಯ ಒಂದೇ: ನಿದ್ದೆ ಬರಿಸಿ ಮಲಗಿಸಿದ ಮೇಲೆ ಯಾರಾದರೂ ಎಡಗಾಲು ಕುಯ್ದುಬಿಟ್ಟರೆ?

ಹಾಗಾಗಿ ಆಪರೇಷನ್ ದಿನ ಖಾಲಿ ಹೊಟ್ಟೆಯಲ್ಲಿ, ಕಾಲು ತೊಳೆದು, ಉಗುರು ಕತ್ತರಿಸಿಕೊಂಡು, ಎರಡೂ ಪಾದಗಳ ಮೇಲೆ ತಮ್ಮ ಷರಾ ಬರೆದರು. ಗಂಟಿಲ್ಲದ ಎಡಗಾಲಿಗೆ 'ಸರಿ'. ಗಂಟಿದ್ದ ಬಲಗಾಲಿಗೆ 'ತಪ್ಪು', ಅಡಿಗೆರೆ ಸಮೇತ.

ವಾರ್ಡಿನಲ್ಲಿ ನರ್ಸ್ ಕೇಳಿದಳು: "ಯಾವ ಕಾಲು ತಾತ?"

"ಓದಕ್ಕೆ ಬರಲ್ವೇನಮ್ಮ? ಬರ್ದಿದೀನಲ್ಲ!"

ಆಕೆ ಓದಿ, ತಲೆಯಾಡಿಸಿ, ಎಡಪಾದಕ್ಕೆ ಕಂದು ಔಷಧಿ ಬಳಿಯತೊಡಗಿದಳು.

"ಅಯ್ಯಯ್ಯೋ! ಅದು ಸರಿ ಇರೋ ಕಾಲು ಕಣಮ್ಮಾ!"

"ಅದಕ್ಕೇ ತಾತ. ಇದು ಸರಿಯಾದ ಕಾಲು, ಅದು ತಪ್ಪು ಕಾಲು. ತಪ್ಪು ಕಾಲನ್ನ ನಾವ್ಯಾಕೆ ಮುಟ್ತೀವಿ?"

ಮೂಲೆಯ ಕುರ್ಚಿಯಲ್ಲಿದ್ದ ಹೆಂಡತಿಗೆ ನಗು ತಡೆಯಲಾಗಲಿಲ್ಲ. "ಉತ್ತರಕ್ಕೆ ಎರಡರ್ಥ ಬಂದ್ರೆ ಹುಡುಗರಿಗೆ ಸೊನ್ನೆ ಸುತ್ತುತಿದ್ರಲ್ರೀ, ಈಗ ತಗೊಳ್ಳಿ!"

ಅಷ್ಟರಲ್ಲಿ ಡಾಕ್ಟರು ಬಂದರು. ಸ್ಪಿರಿಟ್ಟಿನ ಹತ್ತಿಯಿಂದ ಎರಡು ಷರಾಗಳನ್ನೂ ಒರೆಸಿದರು. ಮೇಷ್ಟ್ರ ಬರಹವನ್ನು ಬೇರೊಬ್ಬರು ಅಳಿಸಿದ್ದು ಬಹುಶಃ ಅದೇ ಮೊದಲು.

"ಮೇಷ್ಟ್ರೇ, ಬರವಣಿಗೆ ಬೇಡ. ನೋವಿರೋ ಕಡೆ ಬೆರಳಿಡಿ."

ಬೆರಳಿಟ್ಟರು. ಡಾಕ್ಟರು ಅದೇ ಕಾಲಿನ ಮೇಲೆ ಬಾಣದ ಗುರುತು ಎಳೆದರು. ಆಪರೇಷನ್ ಕೋಣೆಯ ಬಾಗಿಲಲ್ಲಿ ಮತ್ತೆ "ಯಾವ ಕಾಲು?" ಒಳಗೆ ಹೋದ ಮೇಲೆ ಇನ್ನೊಮ್ಮೆ "ಯಾವ ಕಾಲು?" ಪ್ರತಿ ಸಲವೂ ಮೇಷ್ಟ್ರು ಒಂದನೇ ಕ್ಲಾಸಿನ ಮಗುವಿನಂತೆ ಬಲಗಾಲು ಎತ್ತಿ "ಇದು" ಎಂದರು.

ಗಂಟು ಹೋಯಿತು, ಬಲಗಾಲಿನದೇ. ಮನೆಯಲ್ಲಿ ಬ್ಯಾಂಡೇಜಿನ ಕಾಲನ್ನು ದಿಂಬಿನ ಮೇಲಿಡುತ್ತಾ ಹೆಂಡತಿ ಕೇಳಿದರು: "ಎತ್ತರ ಸರೀನಾ?"

'ಸರಿ' ಎನ್ನಲು ಹೊರಟ ಮೇಷ್ಟ್ರು ಆ ಪದವನ್ನು ಅಲ್ಲೇ ನುಂಗಿಕೊಂಡರು.

"ಬಲಗಾಲಿಗೆ ಇಷ್ಟು ಎತ್ತರ ಸಾಕು. ಎಡಗಾಲಿಗೆ ದಿಂಬೇ ಬೇಡ."